ಕಾಸರಗೋಡಿನಲ್ಲಿ ದುಡಿಯಲು ಆಗದವರಿಗೆ ಪೆನ್ಶನ್ ಸಿಗುವ ದಾರಿ

ಕಾಸರಗೋಡಿನಲ್ಲಿ ವಾಸ ಇರುವ, ದುಡಿಯಲು ಆಗದ ನಿಮ್ಮ ಸಂಬಂಧಿಕರಿಗೆ ಕರ್ನಾಟಕದ ಅಂಗವಿಕಲ ವೇತನ ಸಿಗುತ್ತದಾ ಅಂತ ನೀವು ಕೇಳಿದ್ದೀರಿ. ಮೊದಲು ನೇರ ಉತ್ತರ: ಇಲ್ಲ, ಸಿಗುವುದಿಲ್ಲ. ಮನೆಯಲ್ಲಿ ಕನ್ನಡ, ತುಳು ಮಾತಾಡಿದರೂ, ಮದುವೆ ಸಂಬಂಧ ಪುತ್ತೂರು ಕಡೆಯದ್ದಾದರೂ, ಕಾಯಿಲೆ ಬಂದರೆ ಓಡುವುದು ಮಂಗಳೂರಿಗೇ ಆದರೂ, 1956ರಿಂದ ನಾವು ಕೇರಳದವರು. ಇಲ್ಲಿನ ಪೆನ್ಶನ್ ಈಗ ತಿಂಗಳಿಗೆ 2000 ರೂಪಾಯಿ, 2025ರ ನವೆಂಬರಿಗೆ ಮುಂಚೆ 1600 ಇತ್ತು. ಅರ್ಜಿ ಕೊಡಬೇಕಾದ್ದು ಪಂಚಾಯತಿಗೆ.

ಹೊರಗಿನಿಂದ ನೋಡುವವರಿಗೆ ಅರ್ಥ ಆಗದ್ದು ಒಂದಿದೆ. "ಇವರಿಗೆ ಇನ್ನು ದುಡಿಯಲು ಆಗುವುದಿಲ್ಲ" ಅಂತ ಊರಿಗೆಲ್ಲ ಗೊತ್ತಿದ್ದರೂ ಸಾಲದು. ಕಚೇರಿಯಲ್ಲಿ ನೋಡುವುದು ಸರ್ಟಿಫಿಕೇಟಿನಲ್ಲಿ ಅಂಗವೈಕಲ್ಯ ಶೇಕಡಾ ಎಷ್ಟು ಅಂತ ಬರೆದಿದೆ, ಮನೆಯ ವರ್ಷದ ಆದಾಯ ಒಂದು ಲಕ್ಷದ ಒಳಗಿದೆಯಾ ಅಂತ. ಶೇಕಡಾ 40 ಆಗಲೇಬೇಕು. ಅಡಿಕೆ ಮರ ಹತ್ತುವವರನ್ನೇ ತೆಗೆದುಕೊಳ್ಳಿ. ಬಿದ್ದು ಭುಜ ಹೋಯಿತು ಅಂದರೆ ಅವರ ಕಸುಬೇ ಹೋಯಿತು, ಬೇರೆ ಕೆಲಸ ಕಲಿಯುವ ವಯಸ್ಸೂ ಅಲ್ಲ. ಆದರೆ ಈ ಸರ್ಟಿಫಿಕೇಟ್ ಕೊಡುವ ಸರ್ಕಾರಿ ಡಾಕ್ಟರುಗಳ ಮೆಡಿಕಲ್ ಬೋರ್ಡಿನವರು ಅಳೆಯುವುದು ಕೈ ಎಷ್ಟು ಮೇಲೆ ಹೋಗುತ್ತದೆ, ಅದರಲ್ಲಿ ಬಲ ಎಷ್ಟಿದೆ ಅಂತ. ಆ ಕೈಯಿಂದ ಏನು ಮಾಡಿ ಬದುಕುತ್ತಿದ್ದರು ಎನ್ನುವುದಕ್ಕೆ ಅಲ್ಲಿ ಲೆಕ್ಕವಿಲ್ಲ. 30 ಬರೆದರೆ ಪೆನ್ಶನ್ ಇಲ್ಲ. ಇದು ಸರಿಯಲ್ಲ, ನಾನಂತೂ ಒಪ್ಪುವುದಿಲ್ಲ, ಆದರೆ ಸದ್ಯಕ್ಕೆ ನಿಯಮ ಹೀಗೇ ಇದೆ.

ಅದಕ್ಕೇ ಬೋರ್ಡಿನ ಮುಂದೆ ಹೋಗುವ ದಿನ ತುಂಬಾ ಮುಖ್ಯ. ನಮ್ಮ ಕಡೆಯ ಹಿರಿಯರು ಆ ದಿನ ಶುಭ್ರ ಮುಂಡು ಉಟ್ಟು, ನೋವಿದ್ದರೂ ತೋರಿಸದೆ, ನೆಟ್ಟಗೆ ನಡೆದು ಹೋಗುತ್ತಾರೆ. ಡಾಕ್ಟರು ಮಲಯಾಳದಲ್ಲಿ "ನಡೆಯಲು ಆಗುತ್ತದಾ?" ಅಂತ ಕೇಳಿದರೆ ಅರ್ಧ ಅರ್ಥವಾಗಿ, ಅರ್ಧ ಮರ್ಯಾದೆಗೆ ತಲೆ ಆಡಿಸುತ್ತಾರೆ. ನಡೆದದ್ದು ಹತ್ತು ಹೆಜ್ಜೆ, ಆಮೇಲೆ ಗೋಡೆ ಹಿಡಿದು ಕೂರಬೇಕು ಅಂತ ಹೇಳುವವರು ಯಾರು? ಮಲಯಾಳ ಚೆನ್ನಾಗಿ ಬರುವ ಒಬ್ಬರು ಜೊತೆಗೆ ಹೋಗಲೇಬೇಕು. ಸ್ನಾನಕ್ಕೆ, ಬಟ್ಟೆ ಹಾಕಲು ಯಾರ ಸಹಾಯ ಬೇಕು ಎನ್ನುವುದನ್ನು ನಾಚಿಕೆ ಬಿಟ್ಟು ಹೇಳಬೇಕು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸಾಕು, ಜಾಸ್ತಿ ಮಾಡಿ ಹೇಳುವುದು ಬೇಡ.

ಮಂಗಳೂರಿನ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಎಂಆರ್‌ಐ ಎಲ್ಲ ಒಯ್ಯಿರಿ. ಆದರೆ ಖಾಸಗಿ ಡಾಕ್ಟರು ಬರೆದ ಚೀಟಿಯೇ ಸರ್ಟಿಫಿಕೇಟ್ ಆಗುವುದಿಲ್ಲ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ, ಸರ್ಕಾರಿ ಸೇವೆಗಳಿಗಾಗಿ ಇರುವ ಅಕ್ಷಯ ಕೇಂದ್ರದಲ್ಲಿ ಆನ್‌ಲೈನ್ ಅರ್ಜಿ ಹಾಕಬಹುದು. ಅಂಗವಿಕಲರ ಹಕ್ಕುಗಳ 2016ರ ಕಾನೂನಿನಲ್ಲಿ 21 ಬಗೆಯ ಅಂಗವೈಕಲ್ಯ ಇದೆ, ಪಾರ್ಕಿನ್ಸನ್ಸ್, ಮಾನಸಿಕ ಕಾಯಿಲೆ ಕೂಡ ಅದರಲ್ಲಿ ಸೇರಿದೆ. ಕೈಕಾಲು ಸರಿ ಇದೆ ಅಂತ ಸುಮ್ನೆ ಬಿಟ್ಟವರು ನಮ್ಮಲ್ಲಿ ಎಷ್ಟೋ ಜನ.

ಎಂಡೋಸಲ್ಫಾನ್ ಎಂಬ ಕೀಟನಾಶಕದ ವಿಷಯ ಬೇರೆಯೇ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ವಿಷ ಸುರಿದರು. ಎಣ್ಮಕಜೆಯ ಪಡ್ರೆಯಂಥ ಊರುಗಳಲ್ಲಿ ಹುಟ್ಟಿದಾಗಿನಿಂದ ಹಾಸಿಗೆಯಲ್ಲೇ ಇರುವ ಮಕ್ಕಳಿದ್ದಾರೆ. ಸಂತ್ರಸ್ತರ ಪಟ್ಟಿಯೇ ಪ್ರತ್ಯೇಕ, ಅದಕ್ಕೆ ಹೆಸರು ಸೇರಿಸಿದ್ದು ವಿಶೇಷ ವೈದ್ಯಕೀಯ ಶಿಬಿರಗಳಲ್ಲಿ. ತಲಾ 5 ಲಕ್ಷ ಪರಿಹಾರ ಕೊಡಿ ಅಂತ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಹೇಳಿತು, ಕೊಡಲು ಮೂರು ತಿಂಗಳ ಗಡುವು. ಹಾಗಿದ್ದೂ ಸಂತ್ರಸ್ತರು ಮತ್ತೆ ಕೋರ್ಟಿಗೆ ಹೋಗಬೇಕಾಯಿತು. ತಾಯಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದ ಸೆಕ್ರೆಟೇರಿಯಟ್ ಎದುರು ಕೂತದ್ದೂ ಇದೆ. ಹಾಗಾಗಿ ನಮ್ಮೂರಲ್ಲಿ ಪೆನ್ಶನ್ ಅಂದರೆ ಭಿಕ್ಷೆ ಅಂತ ಯಾರಾದರೂ ಹೇಳಿದರೆ ನನಗೆ ತಡೆಯಲು ಆಗುವುದಿಲ್ಲ.

ಇನ್ನೊಂದು, ಫಾರಂ ಮಲಯಾಳದಲ್ಲಿದೆ ಅಂತ ಹಿಂಜರಿಯಬೇಡಿ. ಇಲ್ಲಿನ ಕನ್ನಡಿಗರಿಗೆ ಸರ್ಕಾರದ ಜೊತೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡುವ ಹಕ್ಕಿದೆ. ಕೊಟ್ಟ ಅರ್ಜಿಗೆ ರಶೀದಿ ಕೇಳಿ ಪಡೆಯಿರಿ.

ಪೆನ್ಶನ್ ಶುರುವಾದ ಮೇಲೆ ವರ್ಷಕ್ಕೊಮ್ಮೆ ಮಸ್ಟರಿಂಗ್ ಇರುತ್ತದೆ, ಅಂದರೆ ಪೆನ್ಶನ್ ಪಡೆಯುವವರು ಬದುಕಿದ್ದಾರೆ ಅಂತ ಖಚಿತ ಮಾಡಲು ಬೆರಳಚ್ಚು ಕೊಡಬೇಕು. ತಪ್ಪಿಸಿದರೆ ಹಣ ನಿಂತುಹೋಗುತ್ತದೆ. ನಿಮ್ಮವರಿಗೆ ಏಳಲು ಆಗದಿದ್ದರೆ ಅಕ್ಷಯದವರಿಗೆ ಮುಂಚೆಯೇ ಹೇಳಿಡಿ, ಮನೆಗೇ ಬಂದು ಮಾಡುತ್ತಾರೆ. ಮನೆಯಲ್ಲಿ ಅವರನ್ನು ನೋಡಿಕೊಳ್ಳುವವರ ಹೆಸರಲ್ಲಿ, ಆರೈಕೆ ಮಾಡುವವರಿಗೆ ಹಣ ಕೊಡುವ ಆಶ್ವಾಸಕಿರಣಂ ಯೋಜನೆಗೂ ಅರ್ಜಿ ಹಾಕಲು ಆಗುತ್ತದಾ ಅಂತ ಕೇಳಿ. ತಿಂಗಳಿಗೆ 600 ರೂಪಾಯಿ ಅಷ್ಟೇ, ಆದರೆ ಅದು ಅವರದೇ ಹೆಸರಿಗೆ ಬರುತ್ತದೆ.