ಪ್ರತಿಕ್ರಿಯೆ: ಚಳಿಗಾಲದಲ್ಲಿ ಪ್ರಿಯಸ್‌ನ ಗ್ರಿಲ್ ಮುಚ್ಚಬಹುದೇ?

ಮಿನಿಯಾಪೊಲಿಸ್‌ನ ಮೈನಸ್ 15 ಡಿಗ್ರಿ ಚಳಿಯಲ್ಲಿ ನಿಮ್ಮ 2012ರ ಟೊಯೋಟಾ ಪ್ರಿಯಸ್ ಕಾರಿನ ಗ್ರಿಲ್‌ಗೆ, ಅಂದರೆ ಮುಂಭಾಗದಲ್ಲಿ ಗಾಳಿ ಒಳನುಗ್ಗುವ ಪಟ್ಟಿಗಳ ಜಾಲರಿಗೆ, ರಟ್ಟು ತುರುಕಬಹುದೇ ಎಂದು ಕೇಳಿದ್ದೀರಿ. ಮುಚ್ಚಿ, ಆದರೆ ರಟ್ಟು ಬೇಡ. ಕೆಸರುಹಿಮ ತಾಗಿದರೆ ಅದು ಎರಡೇ ದಿನಕ್ಕೆ ನೆನೆದ ಹಪ್ಪಳವಾಗುತ್ತದೆ.

ಮನೆಯ ನೀರಿನ ಕೊಳವೆಗೆ ಸುತ್ತುವ ಕಪ್ಪು ಫೋಮ್ ಕೊಳವೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದರ ಉದ್ದಕ್ಕೂ ಸೀಳಿರುತ್ತದೆ. ಗ್ರಿಲ್‌ನ ಅಗಲಕ್ಕೆ ಕತ್ತರಿಸಿ, ಸೀಳನ್ನು ಬಿಡಿಸಿ ಪಟ್ಟಿಯ ಮೇಲೆ ಒತ್ತಿದರೆ ಕಚ್ಚಿಕೊಳ್ಳುತ್ತದೆ. ನಾನು ಅಡುಗೆಮನೆಯ ಚಾಕುವಿನಲ್ಲೇ ಕತ್ತರಿಸಿದೆ. ಚಾಕು ಕಾಣದೆ ಮನೆಯಲ್ಲಿ ನಡೆದ ವಿಚಾರಣೆ ಬೇರೆಯ ಕಥೆ.

ಪ್ರಿಯಸ್‌ನಂಥ ಹೈಬ್ರಿಡ್‌ನಲ್ಲಿ, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ಕಾರಿನಲ್ಲಿ, ಎಂಜಿನ್ ಆಗಾಗ ನಿಲ್ಲುವುದರಿಂದಲೇ ಮೈಲೇಜ್ ಬರುವುದು. ಹೀಟರ್‌ಗೆ ಬಿಸಿ ಕೂಲಂಟ್ (ಎಂಜಿನ್ ತಣಿಸುವ ದ್ರವ) ಬೇಕು. ಅದು ತಣಿದರೆ ಸಿಗ್ನಲ್‌ನಲ್ಲಿ ನಿಂತಿದ್ದರೂ ಎಂಜಿನ್ ಮತ್ತೆ ಓಡುತ್ತದೆ. ಗಾಳಿ ತಡೆದರೆ ಶಾಖ ಉಳಿಯುತ್ತದೆ.

ಪೂರ್ತಿ ಮಾತ್ರ ಮುಚ್ಚಬೇಡಿ. ವಿದ್ಯುತ್ ಭಾಗವಾದ ಇನ್ವರ್ಟರ್‌ಗೂ ಪ್ರತ್ಯೇಕ ಕೂಲಂಟ್ ಇದೆ, ಅದನ್ನು ತಣಿಸುವುದೂ ಇದೇ ಗಾಳಿ. ಮೊದಲು ಅರ್ಧ ಮುಚ್ಚಿ ನೋಡಿ. ಈ ಕಾರಿನಲ್ಲಿ ತಾಪಮಾನದ ಮುಳ್ಳಿಲ್ಲ, ಎಚ್ಚರಿಕೆಯ ದೀಪವಷ್ಟೇ. ಅದು ಹೊತ್ತುವವರೆಗೆ ಕಾಯುವುದು ಜಾಣತನವಲ್ಲ. ಸ್ಟಿಯರಿಂಗ್ ಕೆಳಗೆ ಮೆಕ್ಯಾನಿಕ್‌ಗಳು ಕಾರಿನ ದೋಷ ಓದಲು ಬಳಸುವ ಒಬಿಡಿ ಸಾಕೆಟ್‌ಗೆ ಚಿಕ್ಕ ಬ್ಲೂಟೂತ್ ರೀಡರ್ ಸಿಕ್ಕಿಸಿದರೆ ಕೂಲಂಟ್ ಎಷ್ಟು ಬಿಸಿಯಿದೆ ಎಂದು ಮೊಬೈಲ್‌ನಲ್ಲೇ ಕಾಣುತ್ತದೆ. 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. ಹೆದ್ದಾರಿಯ ಏರಿನಲ್ಲಿ 100ರತ್ತ ಹೊರಟರೆ ಒಂದೆರಡು ತುಂಡು ಕಿತ್ತುಬಿಡಿ.

ಹಗಲಿನ ತಾಪಮಾನ 10 ಡಿಗ್ರಿ ದಾಟತೊಡಗಿದಾಗ ಎಲ್ಲವನ್ನೂ ತೆಗೆಯಿರಿ. ಮರೆಯುವವರಾದರೆ ಸ್ಟಿಯರಿಂಗ್ ಮೇಲೆ ಈಗಲೇ ಒಂದು ಚೀಟಿ ಅಂಟಿಸಿ.