ಮೊದಲು ಬಂದದ್ದು ಗಿಳಿ

ಓದುಗರ ಪತ್ರ: 1974ರ ‘ದಿ ಸ್ಪೆಕ್ಟರ್ ಆಫ್ ಎಡ್ಗರ್ ಅಲನ್ ಪೋ’ ಸಿನಿಮಾ ನೋಡಿದೆ. ಭಯದ ಕಥೆಗಳ ಅಮೆರಿಕನ್ ಲೇಖಕ, ಕವಿ ಪೋನ ಪ್ರೇಯಸಿ ಲೆನೋರ್ ಸತ್ತಳೆಂದು ಹೂಳಹೊರಟಾಗ ಎಚ್ಚರಗೊಳ್ಳುತ್ತಾಳೆ, ಅವಳಿಗೆ ಹುಚ್ಚು ಹಿಡಿಯುತ್ತದೆ, ಪೋ ಅವಳನ್ನು ಹುಚ್ಚಾಸ್ಪತ್ರೆಗೆ ಸೇರಿಸುತ್ತಾನೆ. ಅಂಥ ಕಥೆ ಬರೆಯಲು ಅಂಥದೇ ಬದುಕು ಬೇಕಲ್ಲವೆ?

ಸಂಪಾದಕರ ಉತ್ತರ: ಹಳೆಯ ಭಯದ ಚಿತ್ರಗಳಿಗೆ ಅವುಗಳದೇ ಒಂದು ಗತ್ತಿದೆ, ಸೀಸರ್ ರೊಮೆರೊನ ಡಾಕ್ಟರ್ ಪಾತ್ರ ನೋಡಿಸಿಕೊಂಡೂ ಹೋಗುತ್ತದೆ. ಒಪ್ಪಿದೆ. ಆದರೆ ನಿಮ್ಮ ಕೊನೆಯ ಸಾಲಿಗೆ ನಿಮ್ಮನ್ನು ಸುಮ್ಮನೆ ಬಿಡುವ ಹಾಗಿಲ್ಲ.

ಇಸವಿಗಳನ್ನು ನೋಡಿ. ಜೀವಂತ ಹೂತ ಹೆಣ್ಣಿನ ಕಥೆ ‘ಬೆರೆನಿಸ್’ ಅಚ್ಚಾದದ್ದು 1835ರಲ್ಲಿ. ಅಂಥದೇ ಇನ್ನೊಂದು, ‘ದಿ ಫಾಲ್ ಆಫ್ ದಿ ಹೌಸ್ ಆಫ್ ಅಷರ್’, 1839ರಲ್ಲಿ. ಪೋನ ಹೆಂಡತಿ ವರ್ಜಿನಿಯಾ ಹಾಡುತ್ತಿದ್ದವಳು ರಕ್ತ ಕಾರಿದ್ದು 1842ರ ಜನವರಿಯಲ್ಲಿ. ಕಥೆ ಮೊದಲು, ಕಾಯಿಲೆ ಆಮೇಲೆ. ಲೆನೋರ್ ಅಂತೂ ಪೋನ ಕವಿತೆಯೊಳಗಿನ ಹೆಸರು.

ಬರಹವನ್ನು ಬದುಕಿನಿಂದ ನೇರ ಎತ್ತಿದ್ದೆಂದು ತೋರಿಸುವ ಈ ಚಾಳಿ ಹಳೆಯದು. ಪೋನ ಶತಮಾನೋತ್ಸವದ 1909ರಲ್ಲೇ ಅಮೆರಿಕದ ನಿರ್ದೇಶಕ ಗ್ರಿಫಿತ್ ಪೋನ ಮೇಲೆ ಒಂದು ಮೂಕಿಚಿತ್ರ ತೆಗೆದ. ಹಾಸಿಗೆಯಲ್ಲಿ ಸಾಯುತ್ತಿರುವ ಹೆಂಡತಿ, ಹಾರಿಬಂದ ಕಾಡುಕಾಗೆ, ಕೂಡಲೇ ಹುಟ್ಟಿದ ಕವಿತೆ! ನಿಜಕ್ಕೆ ಆ ಕಾಡುಕಾಗೆಯ ಕವಿತೆ ‘ದಿ ರೇವನ್’ ಅಚ್ಚಾಗಿ ಎರಡು ವರ್ಷ ಕಳೆದ ಮೇಲೆ, 1847ರಲ್ಲಿ, ಅವಳು ತೀರಿಕೊಂಡದ್ದು. ಆ ಚಿತ್ರದ ಶೀರ್ಷಿಕೆಯಲ್ಲಿ ಕವಿಯ ಹೆಸರಿನ ಕಾಗುಣಿತವೂ ತಪ್ಪು.

ಕವಿತೆ ಕಟ್ಟಿದ ಬಗೆಯನ್ನು ಪೋನೇ 1846ರ ಒಂದು ಪ್ರಬಂಧದಲ್ಲಿ ಬಿಡಿಸಿಟ್ಟಿದ್ದಾನೆ. ಮೊದಲು ಉದ್ದ: ಒಂದೇ ಕೂರಿಕೆಯಲ್ಲಿ ಓದಿ ಮುಗಿಯಬೇಕು, ಆದ್ದರಿಂದ ಸುಮಾರು 100 ಸಾಲು, ಆದದ್ದು 108. ಆಮೇಲೆ ಧಾಟಿ, ಅದು ವಿಷಾದ. ಬಳಿಕ ಪಲ್ಲವಿ: ಒಂದೇ ಪದ, ಎಳೆದು ಹೇಳಬಲ್ಲ ‘ಓ’, ಅದರ ಬೆನ್ನಿಗೆ ‘ರ’. ಹಾಗೆ ಸಿಕ್ಕಿದ್ದು ‘ನೆವರ್‌ಮೋರ್’, ಅಂದರೆ ‘ಇನ್ನೆಂದೂ ಇಲ್ಲ’. ಬುದ್ಧಿ ನೆಟ್ಟಗಿರುವ ಮನುಷ್ಯ ಅದೇ ಪದವನ್ನು ಮತ್ತೆ ಮತ್ತೆ ಯಾಕೆ ಹೇಳುತ್ತಾನೆ? ಹಾಗಾಗಿ ಮಾತು ಕಲಿತ ಹಕ್ಕಿ ಬೇಕಾಯಿತು. ಮೊದಲು ಹೊಳೆದದ್ದು ಗಿಳಿ! ವಿಷಾದಕ್ಕೆ ಒಗ್ಗಲಿಲ್ಲ, ಕಾಡುಕಾಗೆ ಬಂತು. ಬರೆಯಲು ಕೂತಾಗ ಮೊದಲು ಮುಗಿಸಿದ್ದು ಕೊನೆಯಿಂದ ಮೂರನೆಯ ಪದ್ಯ. ಅದಕ್ಕಿಂತ ಬಿರುಸಾದ ಪದ್ಯ ಆಮೇಲೆ ಬಂದಿದ್ದರೆ ಬೇಕೆಂದೇ ಸಪ್ಪೆ ಮಾಡುತ್ತಿದ್ದೆ ಎನ್ನುತ್ತಾನೆ. ತುಸು ಬಡಾಯಿ ಇದ್ದೀತು. ಇದ್ದರೂ, ಬಡಾಯಿ ಕೊಚ್ಚಿಕೊಳ್ಳಲು ಅವನು ಆರಿಸಿಕೊಂಡದ್ದು ಕಸುಬನ್ನು, ಹುಚ್ಚನ್ನಲ್ಲ.

ಹಾಗಾದರೆ ಆ ಹುಚ್ಚ ಪೋ ಎಲ್ಲಿಂದ ಬಂದ? 1849ರ ಅಕ್ಟೋಬರ್ 7ರಂದು ಪೋ ಬಾಲ್ಟಿಮೋರ್‌ನಲ್ಲಿ ಸತ್ತ. ಎರಡೇ ದಿನಕ್ಕೆ ಅವನ ಹಗೆ, ಸಂಪಾದಕ ರೂಫಸ್ ಗ್ರಿಸ್‌ವೋಲ್ಡ್ ‘ಲುಡ್ವಿಗ್’ ಎಂಬ ಹೆಸರಿನ ಮರೆಯಲ್ಲಿ ವಿಷ ತುಂಬಿದ ನಿಧನವಾರ್ತೆ ಬರೆದ. ಆಮೇಲೆ ಪೋನ ಕೃತಿಗಳ ಸಂಪಾದಕನೂ ಅವನೇ ಆದ, ಪೋನ ಪತ್ರಗಳನ್ನೂ ತಿರುಚಿದ. ಆ ಕೈಚಳಕವನ್ನು ಆರ್ಥರ್ ಹಾಬ್ಸನ್ ಕ್ವಿನ್ 1941ರ ಜೀವನಚರಿತ್ರೆಯಲ್ಲಿ ಪತ್ರಗಳನ್ನು ಎದುರುಬದುರು ಇಟ್ಟು ತೋರಿಸಿದ. ಅಷ್ಟಾದರೂ ಸಿನಿಮಾದವರಿಗೆ ಗ್ರಿಸ್‌ವೋಲ್ಡನ ಪೋನೇ ಪ್ರಿಯ. ಯಾಕೆಂದರೆ ಕಾಟು ಹೊಡೆಯುವುದು, ಪ್ರೂಫ್ ತಿದ್ದುವುದು ತೆರೆಯ ಮೇಲೆ ಎರಡು ನಿಮಿಷವೂ ನಿಲ್ಲುವುದಿಲ್ಲ. ಸಮಾಧಿಯಿಂದ ಏಳುವ ಹೆಣ್ಣು ನಿಲ್ಲುತ್ತಾಳೆ. ಸಾಹಿತಿ ಎಂದರೆ ಕುಡಿತ, ಕೆದರಿದ ಕೂದಲು, ನಡುಗುವ ಮೇಣದಬತ್ತಿ. ನೀವೂ ಅದನ್ನೇ ನಂಬಿ ನನಗೆ ಕಾಗದ ಬರೆಯುತ್ತೀರಿ.

1841ರಲ್ಲಿ ಪೋ ಫಿಲಡೆಲ್ಫಿಯಾದ ‘ಗ್ರಹಾಮ್ಸ್ ಮ್ಯಾಗಜೀನ್’ನಲ್ಲಿ ವರ್ಷಕ್ಕೆ 800 ಡಾಲರ್ ಸಂಬಳದ ಸಂಪಾದಕ. ತಿಂಗಳು ತಿಂಗಳೂ ಪುಸ್ತಕ ವಿಮರ್ಶೆ ಬರೆಯುತ್ತಲೇ ಆ ಏಪ್ರಿಲ್ ಸಂಚಿಕೆಗೆ ‘ದಿ ಮರ್ಡರ್ಸ್ ಇನ್ ದಿ ರೂ ಮಾರ್ಗ್’ ಎಂಬ ಪತ್ತೇದಾರಿ ಕಥೆ ಕೊಟ್ಟ. ಕೈಬರಹ ಮುತ್ತು ಪೋಣಿಸಿದಂತೆ. ಎಷ್ಟೋ ಸಲ ಕಿರಿದಾದ ಹಾಳೆಗಳನ್ನು ತುದಿಗೆ ತುದಿ ಅಂಟಿಸಿ, ಬರೆದಂತೆ ಸುರುಳಿ ಸುತ್ತುತ್ತಿದ್ದ. ನೀವು ನೋಡಿದ ಚಿತ್ರದಲ್ಲಿ ಆ ಸುರುಳಿ ಎಲ್ಲಿತ್ತು, ಹೇಳಿ?