ದವಡೆ ಮುರಿದವರೋ, ಕೆನ್ನೆ ಮುರಿದವರೋ?

ಪ್ರಶ್ನೆ: ಸಿಡ್ನಿಯಲ್ಲಿ ನನಗೂ ಆಫೀಸಿನ ಗೆಳೆಯನಿಗೂ ವಾದ. ರಗ್ಬಿ ಲೀಗ್‌ನ ಸೌತ್ ಸಿಡ್ನಿ ಕ್ಲಬ್‌ನಲ್ಲಿ ಗಟ್ಟಿಗ ಜಾನ್ ಸ್ಯಾಟ್ಲರಾ, ಸ್ಯಾಮ್ ಬರ್ಜೆಸ್ಸಾ?

ಉತ್ತರ: ನನ್ನ ಓಟು ಸ್ಯಾಟ್ಲರ್‌ಗೆ. 1970ರ ಫೈನಲ್, ಎದುರಿಗೆ ಮ್ಯಾನ್ಲಿ ಕ್ಲಬ್. ಶುರುವಿನಲ್ಲೇ ಒಂದು ಗುದ್ದು, ದವಡೆ ಮುರಿಯಿತು. ಏಟು ಬಿದ್ದಿದ್ದು ಎದುರಾಳಿಗಳಿಗೆ ಗೊತ್ತಾಗಬಾರದು, ನನ್ನನ್ನು ಹಿಡಿದು ನಿಲ್ಲಿಸು ಅಂತ ಜೊತೆಗಾರನಿಗೆ ಹೇಳಿದರಂತೆ. ಹಾಗೇ ಕೊನೆವರೆಗೂ ಆಡಿ 23-12ರಲ್ಲಿ ಗೆಲ್ಲಿಸಿದರು. ನನಗೋ ಹಲ್ಲು ನೋವು ಬಂದರೆ ಗಂಜಿಯೂ ಇಳಿಯುವುದಿಲ್ಲ!

ಬರ್ಜೆಸ್ ಸುಮ್ನೆ ಅಲ್ಲ. 2014ರ ಫೈನಲ್‌ನ ಮೊದಲ ಡಿಕ್ಕಿಯಲ್ಲೇ ಕೆನ್ನೆಮೂಳೆ ಮುರಿದರೂ ಪಂದ್ಯಶ್ರೇಷ್ಠ ಪದಕ ಗೆದ್ದರು. ಆ ಪದಕ ಯಾರ ಹೆಸರಲ್ಲಿದೆ ಗೊತ್ತಾ? ಕ್ಲೈವ್ ಚರ್ಚಿಲ್. ಅವರೂ ಇದೇ ಕ್ಲಬ್‌ನವರು, 1955ರಲ್ಲಿ ಕೈ ಮುರಿದುಕೊಂಡೇ ಆಡಿದವರು. 1970ರಲ್ಲಿ ಸ್ಯಾಟ್ಲರ್‌ಗೆ ಕೋಚೂ ಅವರೇ. ನಿಮ್ಮ ವಾದದಲ್ಲಿ ಅವರನ್ನೇ ಬಿಟ್ಟಿದ್ದೀರಲ್ಲ!